ಖಾಲಿ .22 ತೋಟಾದಿಂದ ಹಗುರ ಗುಂಡು ಮಾಡುವುದು: ಸ್ವೇಜಿಂಗ್ ಗೊತ್ತಿರುವವರು ಹೇಳಿ

ಐಡಾಹೊ ಗೌಡ:
ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ಐಡಾಹೊದಲ್ಲಿ, ಬಾಯ್ಸಿ ಹತ್ತಿರ. ಇಲ್ಲಿ ಕುದುರೆ ಮಸಾಲೆ ಸೊಪ್ಪಿನ ಹೊಲಗಳಲ್ಲಿ ನೆಲದ ಅಳಿಲುಗಳ ಕಾಟ ಜಾಸ್ತಿ. ಬಿಲ ತೋಡಿ ತೋಡಿ ಹೊಲವನ್ನೇ ಹಾಳು ಮಾಡುತ್ತವೆ. ರೈತರೇ ಕರೆದು ಹೊಡೆಯಲು ಹೇಳುತ್ತಾರೆ. ನನ್ನ ಹತ್ತಿರ .22 ಹಾರ್ನೆಟ್ ಅನ್ನುವ ತೋಟಾ ಹಾಕುವ ಹಳೆಯದೊಂದು ರೈಫಲ್ ಇದೆ. ಪಕ್ಕದ ಹೊಲದ ಹಿರಿಯರೊಬ್ಬರು ಕಣ್ಣು ಮಂಜಾಯಿತು ಎಂದು ಬಂದೂಕು ಬಿಟ್ಟಿದ್ದಾರೆ. ಅವರ ಸ್ವೇಜಿಂಗ್ (ಲೋಹ ಕರಗಿಸದೆ ಒತ್ತಿ ಗುಂಡು ಮಾಡುವ) ಸಾಮಾನೆಲ್ಲ ನನಗೆ ಕೊಟ್ಟರು. ದಪ್ಪನೆಯ ಪ್ರೆಸ್, ಒಂದು ಸೆಟ್ ಡೈ (ಅಚ್ಚು), ಸೀಸದ ತಂತಿಯ ಸುರುಳಿ, ಜೊತೆಗೆ ಡಬ್ಬಗಟ್ಟಲೆ ಖಾಲಿ .22 ಶಾರ್ಟ್ ಕೇಸುಗಳು, ಅಂದರೆ ಹೊಡೆದ ತೋಟಾಗಳ ಹಿತ್ತಾಳೆ ಕೊಳವೆಗಳು. ಇವುಗಳಿಂದಲೇ 40 ಗ್ರೇನ್ (ಸುಮಾರು 2.6 ಗ್ರಾಂ) ತೂಕದ ಗುಂಡು ಮಾಡುತ್ತಿದ್ದರಂತೆ.

ಎರಕ ಹೊಯ್ಯುವುದು ನನಗೆ ಗೊತ್ತು. ಇದು ಗೊತ್ತಿಲ್ಲ. ಹಾರ್ನೆಟ್‌ಗೆ ಈ ಗುಂಡು ಸರಿ ಹೋಗುತ್ತದಾ? ಎಷ್ಟು ವೇಗದವರೆಗೆ ತಡೆಯುತ್ತದೆ?

ಫೀನಿಕ್ಸ್ ರಾಜಣ್ಣ:
ಗೌಡ್ರೇ, ನಿಮ್ಮ ಕೈಗೆ ಬಂದಿರುವುದು ಒಂದು ಇತಿಹಾಸ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಎರಡನೇ ಮಹಾಯುದ್ಧದ ಕಾಲದಲ್ಲಿ ತಾಮ್ರ, ಹಿತ್ತಾಳೆ, ಸೀಸ ಎಲ್ಲ ಸೈನ್ಯಕ್ಕೆ ಹೋಯಿತು. ಸಾಮಾನ್ಯ ಜನಕ್ಕೆ ಜಾಕೆಟ್ (ಸೀಸದ ಮೇಲಿನ ಲೋಹದ ಹೊದಿಕೆ) ಇರುವ ಗುಂಡು ಸಿಗುವುದೇ ನಿಂತಿತು. ಆಗ ಕೆಲವರು ಕಸಕ್ಕೆ ಹೋಗುತ್ತಿದ್ದ ಖಾಲಿ .22 ಕೇಸುಗಳನ್ನೇ ಜಾಕೆಟ್ ಮಾಡಿಕೊಂಡರು. 1943ರಲ್ಲಿ ಕ್ಯಾಲಿಫೋರ್ನಿಯಾದ ಓರೋವಿಲ್‌ನಲ್ಲಿ ಫ್ರೆಡ್ ಹಂಟಿಂಗ್ಟನ್ ತಂದೆಯ ಲಾಂಡ್ರಿ ಅಂಗಡಿಯ ಹಿಂಭಾಗದಲ್ಲಿ ಕೂತು ಇದಕ್ಕೆ ಬೇಕಾದ ಡೈ ಮಾಡಲು ಶುರು ಮಾಡಿದರು. ರಾಕ್ ಚಕ್ ಅನ್ನುವ ಬೆಟ್ಟದ ಇಲಿಯಂಥ ಪ್ರಾಣಿಯನ್ನು ಹೊಡೆಯುವ ಗುಂಡಿಗೆಂದು ಮಾಡಿದ ಡೈ ಅದು. ಅದಕ್ಕೇ 'ರಾಕ್ ಚಕ್ ಬುಲೆಟ್ ಸ್ವೇಜ್' ಅನ್ನುವ ಹೆಸರು. ಇವತ್ತು ಎಲ್ಲರೂ ಆರ್‌ಸಿಬಿಎಸ್ ಕಂಪನಿ ಅನ್ನುತ್ತಾರಲ್ಲ, ಆ ಅಕ್ಷರಗಳು ಇವೇ. ಗುಂಡು ತಯಾರಕ ವರ್ನನ್ ಸ್ಪಿಯರ್ ಕೂಡ ಇದೇ ಖಾಲಿ ಕೇಸಿನ ಗುಂಡುಗಳಿಂದಲೇ ಮೇಲೆ ಬಂದವರು. ಅವರ ಕಾರ್ಖಾನೆ ನಿಮ್ಮ ಐಡಾಹೊದ ಲೂಯಿಸ್ಟನ್‌ನಲ್ಲೇ ಬೆಳೆಯಿತು. ಜಾಯ್ಸ್ ಹಾರ್ನಡಿ ಅವರ ಜೊತೆ ಕೆಲಸ ಮಾಡಿ, ಆಮೇಲೆ 1949ರಲ್ಲಿ ನೆಬ್ರಾಸ್ಕಾದಲ್ಲಿ ತಮ್ಮದೇ ಕಂಪನಿ ಕಟ್ಟಿದರು.

ಈಗ ನಿಮ್ಮ ಪ್ರಶ್ನೆಗೆ ಬರೋಣ. .22 ಲಾಂಗ್ ರೈಫಲ್ ಕೇಸು ಉದ್ದ. ಅದರಿಂದ 50ರಿಂದ 60 ಗ್ರೇನ್ ಗುಂಡು ಚೆನ್ನಾಗಿ ಬರುತ್ತದೆ. ಶಾರ್ಟ್ ಕೇಸು ಗಿಡ್ಡ, ಅದರಿಂದ 40ರ ಆಸುಪಾಸು. ಜಾಕೆಟ್ಟಿನ ಉದ್ದವೇ ಗುಂಡಿನ ತೂಕ ನಿರ್ಧರಿಸುತ್ತದೆ. ಉದ್ದ ಜಾಕೆಟ್‌ಗೆ ಕಡಿಮೆ ಸೀಸ ತುಂಬಿ ಹಗುರ ಮಾಡುತ್ತೇನೆ ಅಂದರೆ ಮೂತಿ ಪೊಳ್ಳಾಗಿ ಸುಕ್ಕುಗಟ್ಟುತ್ತದೆ. ಹಗುರ ಗುಂಡಿನಲ್ಲಿ ಸೀಸದ ಕೆಲಸ ಸುಲಭ, ಜಾಕೆಟ್ಟೇ ಎಲ್ಲ. ಆ ಹಿರಿಯರು ಶಾರ್ಟ್ ಕೇಸುಗಳನ್ನೇ ಕೂಡಿಟ್ಟಿದ್ದಾರೆ ಅಂದರೆ ಏನು ಮಾಡುತ್ತಿದ್ದೇನೆ ಅಂತ ಅವರಿಗೆ ಸರಿಯಾಗಿ ಗೊತ್ತಿತ್ತು.

ವೇಗದ ಮಾತು. ಈ ಹಿತ್ತಾಳೆ ತೆಳು. ಸೆಕೆಂಡಿಗೆ 3,000 ಅಡಿಯ ಆಚೀಚೆ ಇದಕ್ಕೆ ಮಿತಿ. ಹಾರ್ನೆಟ್ 1930ರಲ್ಲಿ ವಿಂಚೆಸ್ಟರ್ ತಂದದ್ದು, 45 ಗ್ರೇನಿನ ಗುಂಡನ್ನು 2,690 ಅಡಿ ವೇಗದ ಆಸುಪಾಸಿನಲ್ಲಿ ಕಳಿಸುವ ತೋಟಾ. ಹಾಗಾಗಿ ಒಳ್ಳೆ ಜೋಡಿ. ಇದೇ ಗುಂಡನ್ನು .220 ಸ್ವಿಫ್ಟ್ ಅನ್ನುವ ತೋಟಾದಲ್ಲಿ ಹಾಕಬೇಡಿ. ಅದು 1935ರಲ್ಲೇ 48 ಗ್ರೇನ್ ಗುಂಡನ್ನು 4,110 ಅಡಿ ವೇಗದಲ್ಲಿ ಓಡಿಸಿದ್ದು. ಅಲ್ಲಿ ಈ ಜಾಕೆಟ್ ನಳಿಗೆ ದಾಟಿದ ಮೇಲೆ ಚೂರಾಗಿ ಗಾಳಿಯಲ್ಲೇ ಮಾಯವಾಗುತ್ತದೆ.

ಗ್ರೇನ್ ಲೆಕ್ಕ ಹೊಸಬರಿಗೆ: ಒಂದು ಗ್ರೇನ್ 64.8 ಮಿಲಿಗ್ರಾಂ. ಗುಲಗಂಜಿ ತೂಕ ಸುಮಾರು 121 ಮಿಲಿಗ್ರಾಂ. 40 ಗ್ರೇನ್ ಗುಂಡು ಅಂದರೆ 21 ಗುಲಗಂಜಿಗಿಂತ ಚೂರು ಜಾಸ್ತಿ, ಎರಡೂವರೆ ಗ್ರಾಂ ದಾಟುತ್ತದೆ ಅಷ್ಟೇ.

ಪೀಣ್ಯ ಡೈಮೇಕರ್:
ಬಂದೂಕಿನ ವಿಷಯ ನನಗೆ ಗೊತ್ತಿಲ್ಲ. ಆದರೆ ಪೀಣ್ಯದಲ್ಲಿ ಇಷ್ಟು ವರ್ಷ ಪ್ರೆಸ್ ಟೂಲ್ ಮಾಡಿಕೊಂಡೇ ಬದುಕಿದವನು. ಸ್ವೇಜಿಂಗ್ ಅಂದರೆ ನಮ್ಮ ಭಾಷೆಯಲ್ಲಿ ಕೋಲ್ಡ್ ಫಾರ್ಮಿಂಗ್. ಲೋಹವನ್ನು ಕರಗಿಸುವುದಿಲ್ಲ, ಕತ್ತರಿಸುವುದಿಲ್ಲ. ಒತ್ತಡಕ್ಕೆ ಅದು ಹರಿದು ಡೈ ಆಕಾರ ತುಂಬಿಕೊಳ್ಳುತ್ತದೆ. ಎರಕದಲ್ಲಿ ಲೋಹ ತಣ್ಣಗಾದಾಗ ಕುಗ್ಗುತ್ತದೆ, ಒಳಗೆ ಗಾಳಿಗುಳ್ಳೆ ಉಳಿಯಬಹುದು. ಇಲ್ಲಿ ಆ ತಲೆನೋವಿಲ್ಲ.

ಗೌಡ್ರು ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಯಾವ ಹಂತದಲ್ಲೂ ದೊಡ್ಡದನ್ನು ಚಿಕ್ಕದು ಮಾಡಬಾರದು. ಚಿಕ್ಕದನ್ನೇ ದೊಡ್ಡದು ಮಾಡುತ್ತಾ ಹೋಗಬೇಕು. ಕಾರಣ ಹೇಳುತ್ತೇನೆ.

ಹಿತ್ತಾಳೆಗೆ ಸ್ಪ್ರಿಂಗ್‌ಬ್ಯಾಕ್ ಇದೆ. ಒತ್ತಿ ಬಿಟ್ಟರೆ ಕೂದಲೆಳೆಯಷ್ಟು ವಾಪಸ್ ಬರುತ್ತದೆ. ಸೀಸಕ್ಕೆ ಅದು ಇಲ್ಲವೇ ಇಲ್ಲ ಅನ್ನಬಹುದು. ಒತ್ತಿದ ಕಡೆ ಬಿದ್ದುಕೊಂಡಿರುತ್ತದೆ. ಈಗ ಸೀಸ ತುಂಬಿದ ಜಾಕೆಟ್ಟನ್ನು ಅದಕ್ಕಿಂತ ಬಿಗಿಯಾದ ಡೈಗೆ ತುರುಕಿದಿರಿ ಅಂದುಕೊಳ್ಳಿ. ಎರಡೂ ಕುಗ್ಗುತ್ತವೆ. ಹೊರಗೆ ತೆಗೆದ ತಕ್ಷಣ ಹಿತ್ತಾಳೆ ಹೊರಕ್ಕೆ ಅರಳುತ್ತದೆ, ಸೀಸ ಅಲ್ಲೇ ಉಳಿಯುತ್ತದೆ. ಮಧ್ಯೆ ಸಂದು. ಒಳಗಿನ ಸೀಸ ಸಡಿಲ. ಅಂಥ ಗುಂಡು ನಿಮಿಷಕ್ಕೆ ಲಕ್ಷಗಟ್ಟಲೆ ಸುತ್ತು ತಿರುಗಿದರೆ ಎಲ್ಲಿಗೆ ಹೋಗುತ್ತದೆ ಹೇಳಿ!

ಉಲ್ಟಾ ಮಾಡಿ. ಡೈಗಿಂತ ಚೂರು ಸಣ್ಣದಾದ ಜಾಕೆಟ್, ಅದರೊಳಗೆ ಇನ್ನೂ ಚೂರು ಸಣ್ಣದಾದ ಸೀಸದ ತುಂಡು. ಪಂಚ್ (ಒತ್ತುವ ಕಡ್ಡಿ) ಸೀಸವನ್ನು ಒತ್ತಿದಾಗ ಸೀಸ ಉಬ್ಬಿ ಜಾಕೆಟ್ಟನ್ನು ಹೊರಕ್ಕೆ ತಳ್ಳಿ ಡೈ ಗೋಡೆಗೆ ಅಂಟಿಸುತ್ತದೆ. ಒತ್ತಡ ಬಿಟ್ಟಾಗ ಹಿತ್ತಾಳೆ ಒಳಕ್ಕೆ ಬರಲು ನೋಡುತ್ತದೆ, ಅಲ್ಲಿ ಸೀಸ ಕೂತಿದೆ. ಗಟ್ಟಿಯಾಗಿ ಅಪ್ಪಿ ಹಿಡಿಯುತ್ತದೆ. ಇಡೀ ವಿದ್ಯೆ ಇಷ್ಟರಲ್ಲೇ ಇದೆ. ನಿಮ್ಮ ಸೆಟ್‌ನಲ್ಲಿರುವ ಡೈಗಳನ್ನು ಅಳೆದು ನೋಡಿ, ಒಂದಕ್ಕಿಂತ ಒಂದು ಚೂರು ಚೂರೇ ದೊಡ್ಡದಿರುತ್ತದೆ.

ಐಡಾಹೊ ಗೌಡ:
ಡೈಮೇಕರ್ ಸರ್, ತುಂಬಾ ಥ್ಯಾಂಕ್ಸ್. ಮೊನ್ನೆಯಿಂದ ತಲೆ ಕೆಡಿಸಿಕೊಂಡಿದ್ದೆ, ಈಗ ಬಿಡಿಸಿ ಹೇಳಿದಿರಿ. ಅಳೆದೆ, ನೀವು ಹೇಳಿದ ಹಾಗೇ ಇದೆ. ಒಂದು ಡೈ ಪಕ್ಕದಲ್ಲಿ ಸಣ್ಣ ಸಣ್ಣ ತೂತುಗಳಿವೆ. ಅದು ಯಾಕೆ?

ಫೀನಿಕ್ಸ್ ರಾಜಣ್ಣ:
ಅದು ಕೋರ್ ಡೈ. ಜಾಕೆಟ್ ಒಳಗೆ ಹೋಗುವ ಸೀಸದ ತುಂಡೇ ಕೋರ್. ತಂತಿಯಿಂದ ಕತ್ತರಿಸಿದ ತುಂಡುಗಳು ಎಷ್ಟೇ ಹುಷಾರಾಗಿ ಕತ್ತರಿಸಿದರೂ ತೂಕದಲ್ಲಿ ಹೆಚ್ಚುಕಮ್ಮಿ ಇರುತ್ತವೆ. ಬೇಕಾದ್ದಕ್ಕಿಂತ ಚೂರು ಜಾಸ್ತಿಯೇ ಕತ್ತರಿಸಿ ಈ ಡೈಯಲ್ಲಿ ಒತ್ತಿ. ಹೆಚ್ಚಾದ ಸೀಸ ಆ ತೂತುಗಳಿಂದ ಶಾವಿಗೆ ಒರಳಿನಿಂದ ಬಂದ ಹಾಗೆ ಎಳೆಯಾಗಿ ಆಚೆ ಬರುತ್ತದೆ. ಒಳಗೆ ಉಳಿದದ್ದು ಪ್ರತಿ ಸಲ ಒಂದೇ ತೂಕ. ಹೊರಬಂದ ಎಳೆಗಳು ಹೊಳೆಯುತ್ತಾ ಸುರುಳಿ ಸುತ್ತಿಕೊಂಡು ಬೀಳುತ್ತವೆ, ನೋಡುವುದಕ್ಕೇ ಖುಷಿ. ಎಸೆಯಬೇಡಿ, ಕೂಡಿಟ್ಟು ಕರಗಿಸಬಹುದು.

ಸೀಸ ಶುದ್ಧವಾಗಿ ಮೆತ್ತಗಿರಬೇಕು. ಉಗುರಿನಲ್ಲಿ ಗೀರಿದರೆ ಗೀರು ಬೀಳಬೇಕು. ಎರಕಕ್ಕೆ ನಾವು ಬಳಸುವ, ಆಂಟಿಮನಿ ಸೇರಿದ ಗಟ್ಟಿ ಸೀಸ ಇಲ್ಲಿ ಬೇಡವೇ ಬೇಡ. ಸಣ್ಣ ಡೈ ಸೀಳಿ ಹೋಗುತ್ತದೆ.

ಎಣ್ಣೆ ವಿಷಯ: ಲ್ಯಾನೋಲಿನ್‌ಗೆ (ಕುರಿ ಉಣ್ಣೆಯ ಜಿಡ್ಡು) ಹರಳೆಣ್ಣೆ ಬೆರೆಸಿ ಬೆರಳಿಗೆ ಹಚ್ಚಿಕೊಂಡು ಒಂದೊಂದನ್ನೂ ಸವರಿದರೆ ಸಾಕು. ಆದರೆ ಕೋರ್ ಒತ್ತಿದ ಮೇಲೆ ಜಾಕೆಟ್ ಒಳಗೆ ಇಡುವ ಮುಂಚೆ ಆ ಎಣ್ಣೆ ಪೂರ್ತಿ ತೊಳೆದು ಒಣಗಿಸಿ. ಒಳಗೆ ಎಣ್ಣೆ ಉಳಿದರೆ ಡೈಮೇಕರ್ ಹೇಳಿದ ಆ ಹಿಡಿತ ಹೋಯಿತು.

ಕೊನೆಯದು ಪಾಯಿಂಟ್ ಡೈ. ಮೂತಿ ಚೂಪಾಗುವುದು ಅಲ್ಲಿ. ಗುಂಡನ್ನು ಆಚೆ ತಳ್ಳಲು ಮೂತಿಯ ಕಡೆಯಿಂದ ಒಂದು ತೆಳು ಪಿನ್ ಬರುತ್ತದೆ. ಹಾಗಾಗಿ ತುದಿ ಪೂರ್ತಿ ಮುಚ್ಚಲು ಆಗುವುದಿಲ್ಲ, ಪಿನ್ ಕೂರುವಷ್ಟು ತೂತು ಉಳಿಯುತ್ತದೆ. ಇದರಿಂದ ನಷ್ಟವೇನಿಲ್ಲ.

ರಸಾಯನ ಮೇಡಂ, ಧಾರವಾಡ:
ನಡುವೆ ಮಾತಾಡುತ್ತಿದ್ದೇನೆ. ಎರಡು ವಿಷಯ ಹೇಳದೆ ಇರಲಾರೆ.

ಒಂದು: .22 ತೋಟಾದಲ್ಲಿ ಸಿಡಿಮದ್ದು ಇರುವುದು ರಿಮ್ಮಿನ, ಅಂದರೆ ಕೇಸಿನ ಬುಡದಲ್ಲಿ ಹೊರಚಾಚಿದ ಅಂಚಿನ, ಮಡಿಕೆಯೊಳಗೆ. ಅದರಲ್ಲಿ ಉಜ್ಜಾಟಕ್ಕೆಂದು ಗಾಜಿನ ಪುಡಿ ಬೆರೆಸಿರುತ್ತಾರೆ. ಹೊಡೆದ ಮೇಲೂ ಆ ಪುಡಿ ಮತ್ತು ಸೀಸದ ಮಸಿ ಒಳಗೇ ಇರುತ್ತದೆ. ತೊಳೆಯದೆ ಡೈಗೆ ಹಾಕಿದರೆ ಡೈ ಗೀರಿ ಹೋಗುತ್ತದೆ, ನಿಮ್ಮ ಬೆರಳಿಗೂ ಅದೇ ಮಸಿ. ಇದಕ್ಕಿಂತ ಮುಖ್ಯ, ಆ ಡಬ್ಬಗಳಲ್ಲಿ ಸಿಡಿಯದ ತೋಟಾ ಅಥವಾ ಸಿಡಿಯದ ಮದ್ದಿರುವ ಕೇಸು ಒಂದಾದರೂ ಸೇರಿರಬಹುದು. ರಿಮ್ಮಿನ ಮೇಲೆ ಪಿನ್ ಹೊಡೆದ ಗುರುತು ಇಲ್ಲದಿದ್ದರೆ ಬದಿಗಿಡಿ. ಗುರುತಿದ್ದೂ ಸಿಡಿಯದೆ ಉಳಿಯುವುದುಂಟು, ಹಾಗಾಗಿ ಒಳಗೂ ಬೆಳಕು ಬಿಟ್ಟು ನೋಡಿ. ಇದು ಬಿಸಿ ಮಾಡುವ ಮುಂಚೆ, ಪ್ರೆಸ್‌ಗೆ ಇಡುವ ಮುಂಚೆ ಆಗಬೇಕಾದ ಕೆಲಸ.

ಎರಡು: ಎರಕದ ಹಾಗೆ ಇಲ್ಲಿ ಹೊಗೆ ಇಲ್ಲ, ಸರಿ. ಆದರೆ ಸೀಸ ಕೈಯಿಂದ ಬಾಯಿಗೆ ಹೋಗುವುದು ಇದರಲ್ಲೂ ಇದ್ದೇ ಇದೆ. ಕೆಲಸದ ಮೇಜಿನ ಮೇಲೆ ಕಾಫಿ ಲೋಟ ಬೇಡ. ಮಕ್ಕಳು ಆ ಕೋಣೆಗೆ ಬರುವುದು ಬೇಡ, ಅವರ ಮೆದುಳಿಗೆ ಸೀಸ ಸ್ವಲ್ಪವೇ ಹೋದರೂ ಕೆಟ್ಟದ್ದು. ಕೆಲಸದ ಬಟ್ಟೆ ಬೇರೆ ಒಗೆಯಿರಿ. ವರ್ಷಕ್ಕೊಮ್ಮೆ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿ.

ಫೀನಿಕ್ಸ್ ರಾಜಣ್ಣ:
ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ಗೌಡ್ರೇ, ಪ್ರೆಸ್‌ನಲ್ಲಿ ರಿಮ್ ಬಿಡಿಸಿ ಬುಡ ನೇರ ಮಾಡಿದ ಮೇಲೆ ಹಿತ್ತಾಳೆ ಗಡುಸಾಗಿರುತ್ತದೆ. ಕಾಯಿಸಿ ಮೆದು ಮಾಡದಿದ್ದರೆ ಮೂತಿ ಒತ್ತುವಾಗ ಮಡಿಕೆ ಬೀಳುತ್ತದೆ. ಈ ಎರಡೂ ಹಂತಕ್ಕೂ ಮುಂಚೆಯೇ ಮೇಡಂ ಹೇಳಿದ ತಪಾಸಣೆ ಮುಗಿದಿರಬೇಕು. ಅವಸರ ಬೇಡ, ಒಂದೊಂದನ್ನೇ ನೋಡಿ.

ಪೊನ್ನಂಪೇಟೆ ಹುಡುಗ:
ರಾಜಣ್ಣ, ನಮ್ಮ ಕೊಡಗಿನಲ್ಲಿ ಕೈಲ್ ಮುಹೂರ್ತದ ಹಬ್ಬದ ದಿನ ಕೋವಿ ಪೂಜೆ ಆಗಿ, ತೆಂಗಿನಕಾಯಿಗೆ ಹೊಡೆಯುವ ಸ್ಪರ್ಧೆ ಇರುತ್ತದೆ. .22 ತೋಟಾ ದುಬಾರಿ ಆಗಿದೆ. ಅಜ್ಜನ ಕಾಲದಲ್ಲಿ ಕೇಪಿನ ಕೋವಿಗೆ ಸೀಸ ಕರಗಿಸಿ ಗುಂಡು ಮನೆಯಲ್ಲೇ ಮಾಡುತ್ತಿದ್ದರು. ಕೊಡವರಿಗೆ ಕೋವಿ ಲೈಸೆನ್ಸ್ ಬೇಕಿಲ್ಲವಲ್ಲ, ಹಾಗಾದರೆ ಇಲ್ಲಿ ಈ ಡೈ ತರಿಸಿಕೊಳ್ಳಬಹುದಾ? ಪೀಣ್ಯ ಸರ್ ಮಾಡಿಕೊಡುತ್ತಾರಾ?

ಪೀಣ್ಯ ಡೈಮೇಕರ್:
ಇಲ್ಲ ತಮ್ಮಾ. ಆ ಕೆಲಸಕ್ಕೆ ನಾನು ಕೈ ಹಾಕುವುದಿಲ್ಲ. ಲೋಹ ಹೇಗೆ ಹರಿಯುತ್ತದೆ ಅಂತ ಹೇಳುವುದು ಬೇರೆ, ಇಲ್ಲಿ ಡೈ ಮಾಡಿಕೊಡುವುದು ಬೇರೆ.

ಮೈಸೂರು ವಕೀಲರು:
ಪೊನ್ನಂಪೇಟೆಯವರಿಗೆ ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ತುಂಬಾ ಜನ ಹೀಗೇ ತಿಳಿದುಕೊಂಡಿದ್ದಾರೆ.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಜಮೀನು ಹೊಂದಿದವರು) ಇರುವ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. ಮದ್ದುಗುಂಡು ತಯಾರಿಸುವುದಕ್ಕಲ್ಲ.

1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕಾಗಲಿ ಮದ್ದುಗುಂಡಾಗಲಿ ತಯಾರಿಸುವಂತಿಲ್ಲ. ಮದ್ದುಗುಂಡು ಅನ್ನುವ ಪದದ ವ್ಯಾಖ್ಯೆಯೊಳಗೆ ಅದರ ಭಾಗಗಳೂ ಬರುತ್ತವೆ, ಅದನ್ನು ತಯಾರಿಸುವ ಯಂತ್ರವೂ ಬರುತ್ತದೆ. ಅಂದರೆ ಗುಂಡು ಒಂದೂ ಮಾಡದಿದ್ದರೂ ಡೈ ಸೆಟ್ ಮನೆಯಲ್ಲಿದ್ದರೇ ಪ್ರಶ್ನೆ ಬರುತ್ತದೆ. ಅನುಮತಿಯಿಲ್ಲದ ತಯಾರಿಕೆಗೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷ ಜೈಲು, ಜೀವಾವಧಿಯವರೆಗೂ ಹೋಗಬಹುದು. ತೋಟಾ ದುಬಾರಿ ಅನ್ನುವ ಕಷ್ಟ ನಿಜ. ದಾರಿ ಮಾತ್ರ ಇದಲ್ಲ. ಯಾವುದಾದರೂ ರೈಫಲ್ ಕ್ಲಬ್‌ಗೆ ಸೇರಿ, ಅಲ್ಲಿ ಅಭ್ಯಾಸದ ತೋಟಾ ಸಿಗುವ ವ್ಯವಸ್ಥೆ ಕೇಳಿ.

ಪೊನ್ನಂಪೇಟೆ ಹುಡುಗ:
ಯಂತ್ರವೂ ಸೇರುತ್ತದೆ ಅಂತ ಗೊತ್ತಿರಲಿಲ್ಲ ಸರ್. ಕೇಳಿದ್ದು ಒಳ್ಳೆಯದೇ ಆಯಿತು. ಏರ್ ರೈಫಲ್‌ನಲ್ಲೇ ಅಭ್ಯಾಸ ಮಾಡುತ್ತೇನೆ.

ಟೆಕ್ಸಾಸ್ ಕಿರಣ:
ನನ್ನದು .223 ರೆಮಿಂಗ್ಟನ್ ತೋಟಾದ ರೈಫಲ್, ನಳಿಗೆಯ ಟ್ವಿಸ್ಟ್ (ಒಳಗಿನ ತಿರುವು) 1:8. ಗೌಡ್ರ ಥರಾನೇ ಹಗುರದ್ದು, 36 ಅಥವಾ 40 ಗ್ರೇನ್ ಮಾಡಿ ಜೋರಾಗಿ ಓಡಿಸೋಣ ಅಂತ ಆಸೆ. ಹಗುರ ಇದ್ದಷ್ಟೂ ವೇಗ ಜಾಸ್ತಿ, ಅಲ್ವಾ?

ಫೀನಿಕ್ಸ್ ರಾಜಣ್ಣ:
ವೇಗ ಜಾಸ್ತಿ, ಹೌದು. ಆದರೆ ತಿರುಗುವ ಲೆಕ್ಕವನ್ನೂ ಹಾಕಿ ಕಿರಣ್. 1:8 ಅಂದರೆ 8 ಇಂಚು ಮುಂದೆ ಹೋಗುವಷ್ಟರಲ್ಲಿ ಒಂದು ಸುತ್ತು. ಸೆಕೆಂಡಿಗೆ 3,600 ಅಡಿ ವೇಗವಾದರೆ ಸೆಕೆಂಡಿಗೆ 5,400 ಸುತ್ತು, ನಿಮಿಷಕ್ಕೆ 3,24,000. ಅದೇ ವೇಗ 1:14 ನಳಿಗೆಯಲ್ಲಾದರೆ ನಿಮಿಷಕ್ಕೆ ಸುಮಾರು 1,85,000. ಎಷ್ಟು ಅಂತರ ನೋಡಿ. ಖಾಲಿ ಕೇಸಿನ ತೆಳು ಜಾಕೆಟ್ ನಿಮ್ಮ ನಳಿಗೆಯಲ್ಲಿ ತಡೆಯುವುದಿಲ್ಲ. ಗುರಿಯ ಕಾಗದದಲ್ಲಿ ತೂತೇ ಇರುವುದಿಲ್ಲ, ದಾರಿಯಲ್ಲಿ ಒಂದು ಬೂದು ಗೆರೆ ಕಾಣಬಹುದು.

ಟ್ವಿಸ್ಟ್ ಎಷ್ಟು ಬೇಕು ಅನ್ನುವುದು ಗುಂಡಿನ ಉದ್ದದ ಮೇಲೆ ನಿಂತಿದೆ, ತೂಕದ ಮೇಲಲ್ಲ. 1879ರಲ್ಲಿ ಇಂಗ್ಲೆಂಡಿನ ಗ್ರೀನ್‌ಹಿಲ್ ಕೊಟ್ಟ ಸೂತ್ರ ಇಂದಿಗೂ ಅಂದಾಜಿಗೆ ಸಾಕು. ವ್ಯಾಸದ ವರ್ಗವನ್ನು 150ರಿಂದ ಗುಣಿಸಿ, ಗುಂಡಿನ ಉದ್ದದಿಂದ ಭಾಗಿಸಿ. ಎಲ್ಲ ಇಂಚಿನಲ್ಲಿ. ಹಾರ್ನೆಟ್‌ನ ಹಳೆ ಟ್ವಿಸ್ಟ್ 1:16. ಲೆಕ್ಕ ಹಾಕಿದರೆ ಗುಂಡು 0.47 ಇಂಚು, ಅಂದರೆ 12 ಮಿಲಿಮೀಟರ್ ಆಸುಪಾಸಿಗಿಂತ ಉದ್ದ ಇರಬಾರದು. ಗೌಡ್ರೇ, ಇದು ನಿಮಗೂ ಬೇಕಾದ ಮಾತು. ಉದ್ದ ಚೂಪು ಮೂತಿ ಮಾಡಲು ಹೋಗಬೇಡಿ. 40 ಗ್ರೇನಿಗೆ ಮೊಂಡು ಮೂತಿಯೇ ಸರಿ. ಹಾರ್ನೆಟ್ ಗುಂಡುಗಳು ಮೊದಲಿನಿಂದ ಮೊಂಡಾಗಿ ಇರುವುದಕ್ಕೆ ಇದೂ ಒಂದು ಕಾರಣ.

ಹಗುರ ಗುಂಡಿನ ಇನ್ನೊಂದು ಗುಣವನ್ನೂ ಒಪ್ಪಿಕೊಳ್ಳಬೇಕು. ಹೊರಟಾಗ ಜೋರು, ಆಮೇಲೆ ಬೇಗ ಸುಸ್ತು. ಅಡ್ಡ ಗಾಳಿಗೆ ಜಾಸ್ತಿ ಸರಿಯುತ್ತದೆ. ಹೊಲದ ಮಧ್ಯೆ ಸಣ್ಣ ಪ್ರಾಣಿಗೆ ಇದೇ ಬೇಕು ಅನ್ನಿ. ತಗಲಿದ ತಕ್ಷಣ ಪುಡಿಯಾಗುತ್ತದೆ, ನೆಲಕ್ಕೆ ಬಡಿದು ಆಚೆ ಹಾರುವ ಭಯ ಕಡಿಮೆ. ಪಕ್ಕದಲ್ಲಿ ದನ, ಮನೆ ಇರುವ ಕಡೆ ಇದು ದೊಡ್ಡ ಮಾತು. ಆದರೂ ಹಿಂದೆ ಮಣ್ಣಿನ ದಿಬ್ಬ ಇಲ್ಲದೆ ಹೊಡೆಯಬೇಡಿ.

ಸ್ಯಾಕ್ರಮೆಂಟೊ ಸುಮಾ:
ರಾಜಣ್ಣ ಓರೋವಿಲ್ ಅಂದಿದ್ದು ಓದಿ ಬರೆಯುತ್ತಿದ್ದೇನೆ. ಅದು ನಮ್ಮೂರಿಗೆ ಹತ್ತಿರ. ಖಾಲಿ ಕೇಸಿಗೆ ಸೀಸ ತುಂಬುವ ಈ ವಿದ್ಯೆ ಹೆಸರು ಮಾಡಿದ ಊರಿನಲ್ಲೇ ಈಗ ಆ ಗುಂಡಿನಿಂದ ಬೇಟೆಯಾಡುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧ. ಸತ್ತ ಪ್ರಾಣಿಯೊಳಗಿನ ಸೀಸದ ಚೂರು ತಿಂದು ಕಾಂಡೋರ್ ರಣಹದ್ದುಗಳು ಸಾಯುತ್ತಿದ್ದವು. ನಾನು ಆ ಕಾನೂನಿನ ಪರ. ಗೌಡರ ಅಳಿಲುಗಳನ್ನೂ ಹದ್ದು, ಡೇಗೆಗಳು ತಿನ್ನುತ್ತವೆ, ಅಲ್ವಾ? ಐಡಾಹೊದಲ್ಲಿ ಇಂಥ ನಿಷೇಧ ಇಲ್ಲದಿದ್ದರೂ ಸತ್ತವನ್ನು ಹೂಳಿಬಿಡಿ. ಇದನ್ನು ಕೈಮುಗಿದು ಕೇಳುತ್ತೇನೆ.

ಸೀಸ ಬಿಟ್ಟು ತಾಮ್ರಕ್ಕೆ ಹೋದರೆ ಗುಂಡು ತಾನಾಗಿಯೇ ಹಗುರಾಗುತ್ತದೆ. ಸೀಸದ ಸಾಂದ್ರತೆ 11.3, ತಾಮ್ರದ್ದು 9ರ ಹತ್ತಿರ. ಅದೇ ಉದ್ದಕ್ಕೆ ಕಡಿಮೆ ತೂಕ. ಅದಕ್ಕೇ ಅಂಗಡಿಯಲ್ಲಿ ಸಿಗುವ ಸೀಸವಿಲ್ಲದ .22 ಗುಂಡುಗಳು 35, 36 ಗ್ರೇನ್ ಇರುವುದು. ತಾಮ್ರ ಮತ್ತು ತವರದ ಪುಡಿ ಒತ್ತಿ ಕೋರ್ ಮಾಡಿರುವುದೂ ಇದೆ.

ಪೀಣ್ಯ ಡೈಮೇಕರ್:
ಗಟ್ಟಿ ತಾಮ್ರವನ್ನು ಗೌಡರ ಪ್ರೆಸ್‌ನಲ್ಲಿ ಒತ್ತಲು ಹೋಗಬೇಡಿ. ಸೀಸಕ್ಕೆಂದು ಮಾಡಿದ ಡೈ ಆ ಒತ್ತಡ ತಡೆಯುವುದಿಲ್ಲ.

ಐಡಾಹೊ ಗೌಡ:
ಸುಮಾ ಅಕ್ಕ, ಖಂಡಿತ ಹೂಳುತ್ತೇನೆ. ಇಲ್ಲಿ ಹದ್ದುಗಳು ತುಂಬಾ ಇವೆ, ಹೊಲದ ಬೇಲಿ ಗೂಟದ ಮೇಲೇ ಕಾದು ಕೂತಿರುತ್ತವೆ. ಮೇಡಂ ಹೇಳಿದ ಹಾಗೆ ಕೇಸುಗಳನ್ನು ಒಂದೊಂದಾಗಿ ನೋಡುತ್ತಿದ್ದೇನೆ. ಗುರುತಿಲ್ಲದವು ನಿಜವಾಗಿಯೂ ಇದ್ದವು, ತೆಗೆದು ಬೇರೆ ಇಟ್ಟೆ.

ರಾಜಣ್ಣ, ಇನ್ನೊಂದು. ರೈಫಲ್ ಯುದ್ಧಕ್ಕಿಂತ ಹಿಂದಿನದು. ಡೈಯಿಂದ ಬರುವ ಗುಂಡು .224 ಇಂಚು ವ್ಯಾಸದ್ದು. ತೊಂದರೆ ಇದೆಯಾ? ಮತ್ತೆ, ಇಲ್ಲಿ ಇಬ್ಬರು ಗೆಳೆಯರು ಮಾಡಿದರೆ ದುಡ್ಡು ಕೊಟ್ಟು ಕೊಳ್ಳುತ್ತೇವೆ ಅನ್ನುತ್ತಿದ್ದಾರೆ.

ಫೀನಿಕ್ಸ್ ರಾಜಣ್ಣ:
ಮೊದಲು ಎರಡನೆಯದು. ನಿಮಗೋಸ್ಕರ ಮಾಡಿಕೊಂಡರೆ ಕೇಂದ್ರದ ಲೈಸೆನ್ಸ್ ಬೇಡ. ಮಾರಲು ಮಾಡಿದರೆ ಬೇಕು, ಬರೀ ಗುಂಡಾದರೂ ಕಾನೂನಿನಲ್ಲಿ ಅದು ಮದ್ದುಗುಂಡೇ. ಗೆಳೆಯರಿಗೆ ಬೇಡ ಅನ್ನಿ.

ರೈಫಲ್ ವಿಷಯ ಗಂಭೀರ. ಹಳೆಯ ಹಾರ್ನೆಟ್‌ಗಳಲ್ಲಿ ನಳಿಗೆಯ ಒಳವ್ಯಾಸ .224 ಇಂಚು ಅಲ್ಲ, .223 ಇರುತ್ತಿತ್ತು. ರೈಫಲ್ ಖಾಲಿ ಮಾಡಿ, ಬೋಲ್ಟ್ ತೆಗೆದು, ನಳಿಗೆಗೆ ಎಣ್ಣೆ ಹಚ್ಚಿ, ಮೆತ್ತನೆ ಸೀಸದ ತುಂಡೊಂದನ್ನು ಮರದ ಕಡ್ಡಿಯಿಂದ ಮೆಲ್ಲಗೆ ತಳ್ಳಿ ಆಚೆ ತೆಗೆಯಿರಿ. ಅದನ್ನು ಮೈಕ್ರೋಮೀಟರ್‌ನಲ್ಲಿ ಅಳೆಯಿರಿ. ನಂಬಿಕೆ ಬರದಿದ್ದರೆ ಬಂದೂಕು ರಿಪೇರಿ ಮಾಡುವವರ ಹತ್ತಿರ ಒಯ್ಯಿರಿ. .223 ಬಂದರೆ ಈ ಡೈ ಆ ರೈಫಲ್‌ಗೆ ಬೇಡ. .224 ಗುಂಡನ್ನು ಬಿಗಿ ಡೈಯಲ್ಲಿ ಒತ್ತಿ ಸಣ್ಣ ಮಾಡೋಣ ಅನ್ನುವ ಯೋಚನೆಯೂ ಬೇಡ, ಡೈಮೇಕರ್ ಹೇಳಿದ್ದು ಅದನ್ನೇ. .223ಕ್ಕೆ ಬೇರೆ ಪಾಯಿಂಟ್ ಡೈ ಹುಡುಕಬೇಕು.

.224 ಬಂದರೆ ಶುರು ಮಾಡಿ. ಅದಕ್ಕೂ ಮುಂಚೆ ಕೇಸುಗಳನ್ನು ಕಂಪನಿ ಪ್ರಕಾರ ಬೇರೆ ಬೇರೆ ಡಬ್ಬಕ್ಕೆ ಹಾಕಿಕೊಳ್ಳಿ. ಒಬ್ಬೊಬ್ಬರ ಹಿತ್ತಾಳೆ ಒಂದೊಂದು ದಪ್ಪ. ಬೆರೆಸಿದರೆ ತೂಕವೂ ಬೆರೆಯುತ್ತದೆ, ಗುರಿಯ ಮೇಲೆ ಗುಂಡುಗಳ ಗುಂಪೂ ಚದುರುತ್ತದೆ. ಮುಗಿದ ಗುಂಡಿನ ಬುಡವನ್ನು ಭೂತಗನ್ನಡಿಯಲ್ಲಿ ನೋಡಿ. ಹಿತ್ತಾಳೆಯ ಮೇಲೆ ಹಳೆ ಕಂಪನಿಯ ಅಕ್ಷರದ ನೆರಳು ಇನ್ನೂ ಮಸುಕಾಗಿ ಕಾಣುತ್ತಿರುತ್ತದೆ. ಡಬ್ಬ ಅಪ್ಪಿತಪ್ಪಿ ಬೆರೆತರೂ ಅದರಿಂದಲೇ ವಿಂಗಡಿಸಬಹುದು.